ಹಿತ್ತಲ ಪ್ರಶ್ನೋತ್ತರ: ನೆಟ್ಟಿದ್ದೀರಿ ಸರಿ, ಕೊಯ್ಯುತ್ತಿದ್ದೀರಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಥರದವು. ಮೂರು ತಿಂಗಳಿಗೊಮ್ಮೆ ಬೀಜ ಹಾಕಿ ಕೀಳುವ ತರಕಾರಿ ಸಾಕಾಗಿದೆ, ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಅಡುಗೆಮನೆಗೆ ಆಗುವ ಗಿಡ ಹೇಳಿ ಅಂತ ಕೆಲವರು. ಅಂಥದ್ದೇ ಗಿಡ ನೆಟ್ಟಿದ್ದೇವೆ, ಏನೂ ಕೊಡುತ್ತಿಲ್ಲ ಅಂತ ಇನ್ನು ಕೆಲವರು. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಮೇಡಂ, ನಮ್ಮದು 30-40 ಸೈಟು. ಮನೆ ಕಟ್ಟಿದ ಮೇಲೆ ಹಿಂದೆ 4 ಅಡಿ ಅಗಲದ ಪಟ್ಟಿ ಉಳಿದಿದೆ, ಅದರ ಒಂದು ತುದಿಯಲ್ಲಿ ಸಂಪು. ಬಿಸಿಲು ಬೆಳಗ್ಗೆ ಮಾತ್ರ. ನುಗ್ಗೆ, ಪಪ್ಪಾಯಿ, ಬಾಳೆ, ಕರಿಬೇವು, ನಿಂಬೆ ಐದನ್ನೂ ಹಾಕುವ ಆಸೆ. ಹೇಗೆ ಜೋಡಿಸಲಿ?
— ಓದುಗರು, ಬೆಂಗಳೂರು

ಐದೂ ಆಗಲ್ಲ. ಬೇಜಾರು ಮಾಡಿಕೊಳ್ಳಬೇಡಿ, 4 ಅಡಿಯಲ್ಲಿ ಐದು ಮರ ಹಾಕಿದರೆ ಮೂರನೇ ವರ್ಷಕ್ಕೆ ಐದೂ ಬಿಸಿಲಿಗಾಗಿ ಜಗಳ ಆಡುತ್ತಾ ಮೇಲೆ ಹೋಗುತ್ತವೆ, ಕೈಗೆ ಏನೂ ಸಿಗಲ್ಲ.

ಮೊದಲು ಸಂಪಿನ ವಿಷಯ. ಅದರ ಹತ್ತಿರ ಮರವಾಗುವ ಯಾವ ಗಿಡವೂ ಬೇಡ. ಸಂಪಿನ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಹುಡುಕುವ ಬೇರು ಅಲ್ಲಿಗೆ ಬಂದೇ ಬರುತ್ತದೆ. ಆ ತುದಿಯಲ್ಲಿ ಒಂದೆಲಗ, ದೊಡ್ಡಪತ್ರೆ, ಪುದೀನ ಹಾಕಿ. ಒಂದೆಲಗಕ್ಕೆ ನಲ್ಲಿ ಕೆಳಗಿನ ತೇವ ಮತ್ತು ಅರೆನೆರಳು ಸಿಕ್ಕರೆ ಅದು ಚಾಪೆ ಹಾಸಿದ ಹಾಗೆ ಹಬ್ಬುತ್ತದೆ. ದೊಡ್ಡಪತ್ರೆಗೆ ಅಷ್ಟು ನೀರು ಬೇಡ, ಅದನ್ನು ಸ್ವಲ್ಪ ಎತ್ತರದಲ್ಲಿ ಕುಂಡದಲ್ಲಿಡಿ. ಪುದೀನವನ್ನು ಮಾತ್ರ ನೆಲಕ್ಕೆ ಬಿಡಬೇಡಿ, ಅದೂ ಕುಂಡದಲ್ಲೇ ಇರಲಿ, ಇಲ್ಲದಿದ್ದರೆ ಪಕ್ಕದ ಒಂದೆಲಗವನ್ನು ತಿಂದುಹಾಕುತ್ತದೆ.

ಇನ್ನು ಬಾಳೆ. ಪಾತ್ರೆ ತೊಳೆದ ನೀರು ಹೊರಗೆ ಬಿಡುವ ಜಾಗ ಇದ್ದರೆ ಅಲ್ಲೇ ಒಂದು ಏಲಕ್ಕಿ ಬಾಳೆ ಕಂದು ಇಡಿ (ಸೋಪಿನ ಪುಡಿ ಜಾಸ್ತಿ ಹಾಕಿದ ಬಟ್ಟೆ ನೀರು ಬೇಡ). ಬಾಳೆ ಗಿಡ ಗೊನೆ ಹಾಕುವುದು ಒಂದೇ ಸಲ. ಆಮೇಲೆ ಅದನ್ನು ಕಡಿಯಬೇಕು, ಬುಡದಲ್ಲಿ ಬಂದ ಕಂದು ಮುಂದುವರಿಸುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಬಂದ ಕಂದುಗಳನ್ನೆಲ್ಲ ಬಿಟ್ಟುಕೊಂಡು ಪೊದೆ ಮಾಡುವವರೇ ಜಾಸ್ತಿ. ಒಂದು ತಾಯಿ, ಒಂದು ದೊಡ್ಡ ಕಂದು, ಅಷ್ಟೇ ಇರಲಿ. ಮಿಕ್ಕವನ್ನು ಮೊಣಕಾಲುದ್ದ ಆಗುವ ಮೊದಲೇ ತೆಗೆದು ಅಕ್ಕಪಕ್ಕದವರಿಗೆ ಕೊಡಿ. ಬಾಳೆ ಅಂದರೆ ಬರೀ ಹಣ್ಣಲ್ಲವಲ್ಲ. ಎಲೆ, ಹೂವು, ದಿಂಡು, ಎಲ್ಲ ಅಡುಗೆಮನೆಗೇ.

ಕರಿಬೇವು ಇರಲಿ, ಪಟ್ಟಿಯಲ್ಲಿ ಬಿಸಿಲು ಅತಿ ಜಾಸ್ತಿ ಬೀಳುವ ಮೂಲೆ ಅದಕ್ಕೆ. ಪಪ್ಪಾಯಿ ಒಂದು ಹಾಕಿ ನೋಡಬಹುದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯ, ಅರ್ಕಾ ಪ್ರಭಾತ್ ತಳಿಗಳಲ್ಲಿ ಗಂಡು ಗಿಡದ ಕಾಟ ಇಲ್ಲ, ಹೆಣ್ಣು ಗಿಡ ಇಲ್ಲವೇ ಎರಡೂ ಇರುವ ಗಿಡವೇ ಬರುತ್ತದೆ. ಒಂದೇ ಗಿಡಕ್ಕೆ ಜಾಗ ಇರುವವರಿಗೆ ಇದು ಮುಖ್ಯ. ಬುಡದಲ್ಲಿ ನೀರು ನಿಲ್ಲಬಾರದು, ನಿಂತರೆ ವಾರದೊಳಗೆ ಕಾಂಡ ಕೊಳೆತು ಬೀಳಬಹುದು. ಹಾಗಾಗಿ ಬಾಳೆಯಿಂದ ದೂರ, ಮಣ್ಣು ಏರಿಸಿ ನೆಡಿ.

ನುಗ್ಗೆಗೆ ಇಡೀ ದಿನದ ಬಿಸಿಲು ಬೇಕು. ಬೆಳಗಿನ ಬಿಸಿಲಲ್ಲಿ ಅದು ಕಾಯಿ ಬಿಡುವುದಕ್ಕಿಂತ ಎತ್ತರಕ್ಕೆ ಹೋಗುವ ಕೆಲಸವನ್ನೇ ಮಾಡುತ್ತದೆ. ಅದರ ಕೊಂಬೆ ಬಲು ಮೆದು, ಗಾಳಿಗೆ ಮುರಿದು ಪಕ್ಕದ ಮನೆಯ ಕಾರಿನ ಮೇಲೆ ಬಿದ್ದರೆ ನುಗ್ಗೆಕಾಯಿ ಸಾಂಬಾರು ತುಂಬಾ ದುಬಾರಿ ಆಗುತ್ತದೆ. ಸೊಪ್ಪಿಗಾಗಿ ಬೇಕೇ ಬೇಕು ಅಂದರೆ ಸೊಂಟದೆತ್ತರಕ್ಕೆ ಚಿವುಟಿ, ಅಲ್ಲಿಂದ ಬರುವ ಕವಲುಗಳನ್ನು ಮತ್ತೆ ಮತ್ತೆ ಕತ್ತರಿಸುತ್ತಾ ಪೊದೆಯ ಹಾಗೆ ಇಟ್ಟುಕೊಳ್ಳಿ. ನಿಂಬೆ ಬಿಟ್ಟುಬಿಡಿ, ಆ ಬಿಸಿಲು ಅದಕ್ಕೆ ಸಾಲದು.

ಕರಿಬೇವಿನ ಗಿಡ ತಂದು ಎರಡು ವರ್ಷ ಆಯ್ತು. ಒಂದೇ ಕಡ್ಡಿ, ನನ್ನಷ್ಟು ಎತ್ತರ, ತುದಿಯಲ್ಲಿ ಮಾತ್ರ ಎಲೆ. ಒಗ್ಗರಣೆಗೆ ಕಿತ್ತರೆ ಗಿಡ ಬೋಳಾಗುತ್ತದೆ ಅಂತ ಅಂಗಡಿಯಿಂದಲೇ ತರುತ್ತಿದ್ದೇನೆ. ಹುಳಿ ಮಜ್ಜಿಗೆ ಹಾಕಿ ಹಾಕಿ ಸಾಕಾಯ್ತು.
— ಓದುಗರು, ಮೈಸೂರು

ಗಿಡ ಇಟ್ಟುಕೊಂಡು ಅಂಗಡಿಯಿಂದ ತರುತ್ತಿರುವುದೇ ತೊಂದರೆ. ನೀವು ಕೊಯ್ಯುತ್ತಿಲ್ಲ, ಅದಕ್ಕೆ ಅದು ಕವಲೊಡೆಯುತ್ತಿಲ್ಲ. ಕರಿಬೇವಿನ ತುದಿ ಮೊಗ್ಗು ಇರುವ ತನಕ ಪಕ್ಕದ ಮೊಗ್ಗುಗಳು ಮಲಗಿರುತ್ತವೆ. ತುದಿ ಕತ್ತರಿಸಿದ ಕೂಡಲೇ ಕೆಳಗಿನ ಎರಡು ಮೂರು ಎದ್ದು ಬರುತ್ತವೆ.

ಫೆಬ್ರುವರಿ ಕೊನೆಗೆ, ಚಳಿ ಬಿಟ್ಟ ಮೇಲೆ, ಧೈರ್ಯ ಮಾಡಿ ಅದನ್ನು ಸೊಂಟದೆತ್ತರಕ್ಕೆ ಕತ್ತರಿಸಿ. ಹೌದು, ಮೇಲಿನ ಎಲೆ ಎಲ್ಲ ಹೋಗುತ್ತದೆ. ಅದನ್ನು ಒಣಗಿಸಿ ಚಟ್ನಿಪುಡಿ ಮಾಡಿಕೊಳ್ಳಿ. ಬುಡಕ್ಕೆ ಎರಡು ಬೊಗಸೆ ಹಳೆಯ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ. ಚಿಗುರು ಬಂದು ಒಂದು ಗೇಣು ಆದಾಗ ಅದರ ತುದಿಯನ್ನೂ ಚಿವುಟಿ. ಇನ್ನು ಮುಂದೆ ಒಗ್ಗರಣೆಗೆ ಎಲೆ ತರಿದುಕೊಳ್ಳಬೇಡಿ, ಕಡ್ಡಿಯ ತುದಿ ಸಮೇತ ಕತ್ತರಿಯಿಂದ ಕತ್ತರಿಸಿ. ಹೂ ಬಂದರೆ ಅದನ್ನೂ ತೆಗೆಯಿರಿ, ನಮಗೆ ಬೇಕಿರುವುದು ಸೊಪ್ಪು. ಡಿಸೆಂಬರ್, ಜನವರಿಯಲ್ಲಿ ಚಿಗುರು ನಿಲ್ಲುವುದು ಸಹಜ, ಆಗ ಜಾಸ್ತಿ ನೀರು, ಗೊಬ್ಬರ ಕೊಡಬೇಡಿ.

ಹುಳಿ ಮಜ್ಜಿಗೆಯಿಂದ ಕೇಡಿಲ್ಲ, ಅದರಲ್ಲಿ ಗಿಡಕ್ಕೆ ಬೇಕಾದದ್ದು ಒಂದಷ್ಟು ಇದೆ. ಆದರೆ ಬಿಸಿಲಿಲ್ಲದ, ಕತ್ತರಿ ಕಾಣದ ಗಿಡಕ್ಕೆ ಎಷ್ಟು ಮಜ್ಜಿಗೆ ಹಾಕಿದರೂ ಅದು ಕಡ್ಡಿಯಾಗೇ ಇರುತ್ತದೆ.

ಇನ್ನೊಂದು ಮಾತು. ಚಿಗುರಿನ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡು, ಮರುದಿನ ಎಲೆ ಕಾಣೆಯಾಗಿದ್ದರೆ, ಅದು ಹಿಕ್ಕೆಯಲ್ಲ, ಚಿಟ್ಟೆಯ ಮರಿಹುಳ. ನಿಂಬೆ ಗಿಡಕ್ಕೂ ಇದೇ ಬರುತ್ತದೆ, ಎರಡೂ ಒಂದೇ ಕುಟುಂಬದವು. ಕೈಯಿಂದ ಎತ್ತಿ ಬೇರೆ ಕಡೆ ಬಿಡಿ. ದಿನಾ ತಿನ್ನುವ ಸೊಪ್ಪಿಗೆ ವಿಷ ಹೊಡೆಯುವುದಾದರೆ ಮನೆಯಲ್ಲಿ ಬೆಳೆದು ಏನು ಪ್ರಯೋಜನ ಅಲ್ವಾ? ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸುವಾಸಿನಿ ತಳಿ ಸಿಕ್ಕರೆ ಇನ್ನೊಂದು ಗಿಡ ಹಾಕಿ, ಪರಿಮಳ ಚೆನ್ನಾಗಿರುತ್ತದೆ.

ತೊಂಡೆ ಬಳ್ಳಿ ಚಪ್ಪರ ತುಂಬಾ ಹಬ್ಬಿದೆ, ಬಿಳಿ ಹೂವೂ ಬೇಕಾದಷ್ಟು. ಒಂದು ಕಾಯಿ ಇಲ್ಲ. ಹಣ್ಣಿನ ಬೀಜದಿಂದ ಎದ್ದ ಬಳ್ಳಿ ಇದು. ಏನು ಗೊಬ್ಬರ ಹಾಕಲಿ?
— ಓದುಗರು, ಪುತ್ತೂರು

ಯಾವ ಗೊಬ್ಬರವೂ ಬೇಡ, ಅದು ಗಂಡು ಬಳ್ಳಿ ಇರಬೇಕು. ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹೂವಿನ ಹಿಂದೆ ನೋಡಿ, ಪುಟ್ಟ ತೊಂಡೆಕಾಯಿಯಂಥ ಗಂಟು ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಬೀಜದಿಂದ ಬಂದದ್ದರಲ್ಲಿ ಯಾವುದು ಬರುತ್ತದೋ ಹೇಳಲಾಗದು, ಕಾಯಿ ಬಿಟ್ಟರೂ ಕಹಿ ಇರಬಹುದು. ಅದಕ್ಕೇ ನಿಮ್ಮ ಕಡೆ ಯಾರೂ ಬೀಜ ಹಾಕುವುದಿಲ್ಲ, ಬಳ್ಳಿಯ ತುಂಡು ಕೇಳಿ ತರುತ್ತಾರೆ.

ಯಾರ ಮನೆಯ ಚಪ್ಪರದಲ್ಲಿ ಕಾಯಿ ಚೆನ್ನಾಗಿ ಬಿಡುತ್ತದೋ ಅಲ್ಲಿಂದ ಪೆನ್ಸಿಲ್ ದಪ್ಪದ, ಮೂರು ನಾಲ್ಕು ಗಂಟು ಇರುವ ತುಂಡು ತನ್ನಿ. ಎರಡು ಗಂಟು ಮಣ್ಣೊಳಗೆ. ಮಳೆ ಹಿಡಿಯುವ ಹೊತ್ತಿಗೆ ನೆಟ್ಟರೆ ಸುಲಭ, ಆದರೆ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ, ಮಣ್ಣನ್ನು ದಿಬ್ಬ ಮಾಡಿ. ಸುಡುಮಣ್ಣು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಕಾಯಿ ಕಮ್ಮಿಯಾದಾಗ ಹಳೆಯ ಬಳ್ಳಿಯನ್ನು ಬುಡದಿಂದ ಒಂದೆರಡು ಅಡಿ ಬಿಟ್ಟು ಕತ್ತರಿಸಿ ಗೊಬ್ಬರ ಕೊಡಿ, ಹೊಸ ಚಿಗುರಿನಲ್ಲೇ ಮತ್ತೆ ಕಾಯಿ. ಈಗಿರುವ ಬಳ್ಳಿ? ತೆಗೆದುಬಿಡಿ, ಚಪ್ಪರ ಸುಮ್ನೆ ಹಿಡಿದುಕೊಂಡಿದೆ.

ಚಕ್ರಮುನಿ ಸೊಪ್ಪು ಬೇಲಿ ತುಂಬಾ ಬೆಳೆದಿದೆ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಹಸಿ ರಸ ಕುಡಿದರೆ ತೂಕ ಇಳಿಯುತ್ತದೆ, ಎಲ್ಲ ವಿಟಮಿನ್ ಸಿಗುತ್ತದೆ ಅಂತ ಒಂದು ವಿಡಿಯೋ ನೋಡಿದೆ. ಶುರು ಮಾಡಲಾ?
— ಓದುಗರು, ಶಿವಮೊಗ್ಗ

ದಯವಿಟ್ಟು ಬೇಡ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕಂದರೆ ಇದು ಗಿಡದ ಮಾತಲ್ಲ, ಪ್ರಾಣದ ಮಾತು.

1990ರ ದಶಕದ ನಡುವೆ ತೈವಾನಿನಲ್ಲಿ ನೀವು ಹೇಳಿದ್ದೇ ನಡೆಯಿತು. ತೂಕ ಇಳಿಸಲು ಚಕ್ರಮುನಿಯ ಹಸಿ ರಸ ಕುಡಿಯುವುದು ಅಲ್ಲಿ ಫ್ಯಾಷನ್ ಆಯಿತು. ಜನ ವಾರಗಟ್ಟಲೆ, ದಿನಾ, ಹಸಿಯಾಗಿ ಕುಡಿದರು. ಅವರಲ್ಲಿ ಎಷ್ಟೋ ಜನಕ್ಕೆ ಕೆಮ್ಮು, ಏದುಸಿರು ಶುರುವಾಯಿತು. ಶ್ವಾಸಕೋಶದ ಸಣ್ಣ ಸಣ್ಣ ಗಾಳಿ ಕೊಳವೆಗಳು ಮುಚ್ಚಿಹೋಗುವ ಕಾಯಿಲೆ ಅದು, ರಸ ನಿಲ್ಲಿಸಿದರೂ ಹೋದ ಉಸಿರು ಪೂರ್ತಿ ವಾಪಸ್ಸು ಬರಲಿಲ್ಲ. ಕೆಲವರು ಸತ್ತರು, ಕೆಲವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಯಿತು.

ಹಾಗಂತ ಬೇಲಿ ಕಿತ್ತು ಹಾಕಬೇಡಿ. ಮಲೇಷ್ಯಾ, ಇಂಡೋನೇಷ್ಯಾದಲ್ಲಿ ಇದು ದಿನಬಳಕೆಯ ಸೊಪ್ಪು, ಕೇರಳದಲ್ಲೂ ತಿನ್ನುತ್ತಾರೆ, ನಮ್ಮಲ್ಲಿ ಎಷ್ಟೋ ಮನೆಯ ಬೇಲಿಯಲ್ಲಿದೆ. ಅವರೆಲ್ಲ ಬೇಯಿಸಿ ತಿನ್ನುತ್ತಾರೆ, ಪಲ್ಯಕ್ಕೋ ಸಾರಿಗೋ ಒಂದು ಹಿಡಿ ಹಾಕುತ್ತಾರೆ. ನೀವೂ ವಾರಕ್ಕೊಮ್ಮೆ ಹಾಗೇ ಮಾಡಿ, ಉಳಿದ ದಿನ ಬಸಳೆ, ನುಗ್ಗೆ ಸೊಪ್ಪು, ಹೊನಗೊನೆ ಅಂತ ಬದಲಾಯಿಸಿ. ಹಿತ್ತಲಲ್ಲಿ ಬೆಳೆದದ್ದೆಲ್ಲ ಎಷ್ಟು ತಿಂದರೂ ಔಷಧಿ ಅನ್ನುವ ನಂಬಿಕೆ ನಮ್ಮಲ್ಲಿ ಜಾಸ್ತಿ ಆಗಿದೆ. ಬಿಂಬುಳಿಯನ್ನೇ ನೋಡಿ. ಸಾರಿಗೆ ನಾಲ್ಕು ಕಾಯಿ ಹಾಕಿದರೆ ಚೆಂದ, ಆದರೆ ಅದರ ಗಟ್ಟಿ ರಸವನ್ನು ಕೊಲೆಸ್ಟರಾಲ್ ಇಳಿಯಲಿ ಅಂತ ಕುಡಿದು ಮೂತ್ರಪಿಂಡ ಕೆಡಿಸಿಕೊಂಡವರು ಕೇರಳದಲ್ಲಿದ್ದಾರೆ. ತೂಕದ ವಿಷಯ ವೈದ್ಯರ ಹತ್ತಿರ ಮಾತಾಡಿ.

ನಮ್ಮ ಊರಿನ ನರ್ಸರಿಯಲ್ಲಿ ಲಿಂಬೆ ಸಸಿ ತಂದು ಮೂರು ವರ್ಷ. ಮೈತುಂಬಾ ಮುಳ್ಳು, ಒಂದು ಹೂವಿಲ್ಲ. ಕಸಿ ಮಾಡಿದ ಗುರುತೂ ಇಲ್ಲ. ಬೀಜದ ಸಸಿ ಕೊಟ್ಟು ಮೋಸ ಮಾಡಿದ್ದಾರೆ ಅಲ್ರೀ?
— ಓದುಗರು, ವಿಜಯಪುರ

ಮೋಸ ಅಂತ ಹೇಳೋಕೆ ಆಗಲ್ಲ ಸಾರ್. ಮಾವು, ಸಪೋಟಕ್ಕೆ ಬೀಜದ ಸಸಿ ಕೊಟ್ಟಿದ್ದರೆ ನಾನೂ ನಿಮ್ಮ ಜೊತೆ ಜಗಳಕ್ಕೆ ಬರುತ್ತಿದ್ದೆ. ಲಿಂಬೆಯ ಕಥೆ ಬೇರೆ. ಅದರ ಒಂದು ಬೀಜದಲ್ಲಿ ಒಂದಕ್ಕಿಂತ ಜಾಸ್ತಿ ಭ್ರೂಣ ಇರುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ಅಚ್ಚೇ. ಹಾಗಾಗಿ ಬೀಜದಿಂದ ಬೆಳೆಸಿದರೂ ಗುಣ ಕೆಡುವುದು ಕಮ್ಮಿ, ಲಿಂಬೆಯನ್ನು ಬೀಜದಿಂದ ಸಸಿ ಮಾಡುವುದು ನಮ್ಮಲ್ಲಿ ರೂಢಿ. ನಿಮ್ಮ ಜಿಲ್ಲೆಯ ಇಂಡಿಯೇ ಲಿಂಬೆಗೆ ಹೆಸರಾದ ಊರು, ಅಲ್ಲಿ ಯಾರಾದರೂ ಹಳೆಯ ಬೆಳೆಗಾರರನ್ನು ಕೇಳಿ ನೋಡಿ.

ಬೀಜದ ಗಿಡಕ್ಕೆ ಮುಳ್ಳು ಜಾಸ್ತಿ, ಹೂವಿಗೆ ನಾಲ್ಕೈದು ವರ್ಷ ಬೇಕು. ಅಂದರೆ ನಿಮ್ಮ ಗಿಡ ತಡ ಮಾಡಿಲ್ಲ, ನೀವು ಅವಸರ ಮಾಡುತ್ತಿದ್ದೀರಿ. ಈಗ ಮಾಡಬೇಕಾದದ್ದು ಇಷ್ಟು: ಬುಡದಿಂದ ಒಂದೂವರೆ ಅಡಿಯವರೆಗೆ ಬರುವ ಚಿಗುರು ತೆಗೆಯಿರಿ. ನಿಮ್ಮದು ಎರೆ ಮಣ್ಣಾದರೆ ದಿನಾ ನೀರು ಬಿಡಬೇಡಿ, ಆ ಮಣ್ಣು ನೀರು ಹಿಡಿದುಕೊಂಡು ಬೇರಿಗೆ ಉಸಿರು ಕಟ್ಟಿಸುತ್ತದೆ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ, ಸುಣ್ಣದಂಶ ಜಾಸ್ತಿ ಇರುವ ಮಣ್ಣಲ್ಲಿ ಆಗುವುದೇ. ಅದಕ್ಕೆ ಗೊಬ್ಬರದಂಗಡಿಯಲ್ಲಿ ಸಿಗುವ ಲಘು ಪೋಷಕಾಂಶದ ಪುಡಿಯನ್ನು ಪೊಟ್ಟಣದ ಮೇಲಿನ ಅಳತೆಯಂತೆ ಎಲೆಗೆ ಸಿಂಪಡಿಸಿ. ಗಿಡಕ್ಕೆ ವಯಸ್ಸಾದ ಮೇಲೂ ಹೂ ಬರದಿದ್ದರೆ, ಎಲೆ ಸ್ವಲ್ಪ ಬಾಡುವ ತನಕ ನೀರು ನಿಲ್ಲಿಸಿ, ಆಮೇಲೆ ಗೊಬ್ಬರ ಕೊಟ್ಟು ಚೆನ್ನಾಗಿ ನೀರುಣಿಸಿ. ತೋಟದವರು ಹೂ ಬರಿಸುವುದು ಹೀಗೇ.

ಮಂಗನ ಕಾಟಕ್ಕೆ ಹಿತ್ತಲೇ ಬೇಡ ಅನ್ನಿಸಿದೆ. ಬಾಳೆ, ಪೇರಲೆ, ಸೀಮೆಬದನೆ ಏನೂ ಉಳಿಯುವುದಿಲ್ಲ. ಮಂಗ ಮುಟ್ಟದ ಗಿಡ ಇದ್ದರೆ ಹೇಳಿ ಅಕ್ಕಾ.
— ಓದುಗರು, ಶಿರಸಿ

ಹಸಿದ ಮಂಗ ಏನನ್ನೂ ಮುಟ್ಟಲ್ಲ ಅಂತ ಬರೆದುಕೊಡುವವರು ಯಾರೂ ಇಲ್ಲ ತಂಗಿ. ಆದರೆ ಕಡಿಮೆ ಮುಟ್ಟುವುದಿದೆ. ಖಾರ, ಘಾಟು, ತುರಿಕೆ ಇರುವುದನ್ನೇ ಆರಿಸಿ. ಅರಿಶಿನ, ಶುಂಠಿ, ಮಾವಿನ ಶುಂಠಿ, ಜೀರಿಗೆ ಮೆಣಸು, ಕರಿಬೇವು, ದೊಡ್ಡಪತ್ರೆ, ಕೆಸು. ಅಡಿಕೆ ಮರ ಇದ್ದರೆ ಕಾಳುಮೆಣಸಿನ ಬಳ್ಳಿ ಹೇಗೂ ಇರುತ್ತದೆ.

ಅರಿಶಿನವನ್ನು ಗಡ್ಡೆಗಾಗಿ ಅಂತ ನೋಡಬೇಡಿ, ಎಲೆಯೇ ಸಾಕು, ನಾಗರಪಂಚಮಿಗೆ ಕಡುಬಿನ ಎಲೆ ಹುಡುಕುವುದು ತಪ್ಪುತ್ತದೆ. ಜೀರಿಗೆ ಮೆಣಸು ಒಂದು ಗಿಡ ಮೂರ್ನಾಲ್ಕು ವರ್ಷ ಕೊಡುತ್ತದೆ, ಅರೆನೆರಳಲ್ಲೂ ಆಗುತ್ತದೆ. ಆದರೆ ಹಕ್ಕಿಗೆ ಅದರ ಖಾರ ತಾಗುವುದಿಲ್ಲ, ಹಣ್ಣಾಗುವ ಮೊದಲೇ ನಿಮ್ಮ ಪಾಲು ಕೊಯ್ದುಕೊಳ್ಳಿ. ಕೆಸುವಿನ ತುರಿಕೆ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ಸರಿ. ಒಂದು ಎಚ್ಚರ, ನಿಮ್ಮಲ್ಲಿ ಕಾಡುಹಂದಿಯೂ ಬರುತ್ತಿದ್ದರೆ ಗಡ್ಡೆಗಳನ್ನು ಮನೆ ಗೋಡೆಗೆ ಒತ್ತಿಕೊಂಡೇ ಹಾಕಿ. ಮಂಗ ಬಿಟ್ಟದ್ದನ್ನು ಹಂದಿ ಅಗೆದು ತಿನ್ನುತ್ತದೆ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಜೂನ್‌ನಲ್ಲಿ ಅಮ್ಮ ಬರುತ್ತಿದ್ದಾರೆ. ಊರಿನ ಕರಿಬೇವಿನ ಒಂದು ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತರಲು ಹೇಳಲಾ?
— ಓದುಗರು, ಅಮೆರಿಕ

ಬೇಡ, ಒಂದು ಎಸಳು ಹಸಿ ಎಲೆಯನ್ನೂ ತರಿಸಬೇಡಿ. ಏರ್‌ಪೋರ್ಟಿನಲ್ಲಿ ಅಮ್ಮನನ್ನು ನಿಲ್ಲಿಸುತ್ತಾರೆ ಅನ್ನುವುದು ಒಂದು. ಅದಕ್ಕಿಂತ ದೊಡ್ಡ ಕಾರಣ ಒಂದು ಸಣ್ಣ ಹೀರು ಕೀಟ. ಅದು ಕರಿಬೇವಿನ ಚಿಗುರಿನಲ್ಲಿ ಮೊಟ್ಟೆ ಇಡುತ್ತದೆ, ಕಿತ್ತಳೆ, ನಿಂಬೆಗೆ ಗ್ರೀನಿಂಗ್ ಅನ್ನುವ ರೋಗ ಹಬ್ಬಿಸುತ್ತದೆ. 2005ರಲ್ಲಿ ಫ್ಲೋರಿಡಾದಲ್ಲಿ ಆ ರೋಗ ಕಂಡ ಮೇಲೆ ಅಲ್ಲಿನ ಕಿತ್ತಳೆ ತೋಟಗಳೇ ಹಾಳಾದವು. ಅಮೆರಿಕದೊಳಗೂ ರೋಗ, ಕೀಟ ಇರುವ ರಾಜ್ಯಗಳಿಂದ ಗಿಡ ಹೊರಗೆ ಸಾಗಿಸಲು ನಿರ್ಬಂಧ ಇದೆ. ನಿಮ್ಮ ರಾಜ್ಯಕ್ಕೆ ಕಳಿಸಲು ಅನುಮತಿ ಇರುವ ನರ್ಸರಿಯಿಂದಲೇ ತೆಗೆದುಕೊಳ್ಳಿ. ಅಲ್ಲದೆ ಕಡ್ಡಿಯಿಂದ ಕರಿಬೇವು ಬೇರೊಡೆಯುವುದು ಊರಲ್ಲೇ ಕಷ್ಟ. ಹತ್ತಿರದ ಯಾರ ಮನೆಯಲ್ಲಾದರೂ ಗಿಡ ಹಣ್ಣು ಬಿಟ್ಟಿದ್ದರೆ ಕಪ್ಪಾದ ಹಣ್ಣಿನ ಸಿಪ್ಪೆ, ತಿರುಳು ತೆಗೆದು ಕೂಡಲೇ ಬಿತ್ತಿ. ಒಣಗಿಸಿಟ್ಟ ಬೀಜ ಮೊಳೆಯುವುದಿಲ್ಲ, ಆನ್‌ಲೈನಿನಲ್ಲಿ ಪೊಟ್ಟಣ ಮಾರುವವರನ್ನು ನಂಬಬೇಡಿ.

ಚಳಿಗಾಲದಲ್ಲಿ ಕುಂಡವನ್ನು ಒಳಗೆ ತಂದಾಗ ಎಲೆ ಉದುರಿಸುತ್ತದೆ. ಸತ್ತೇಹೋಯಿತು ಅಂತ ನೀರು ಸುರಿಯಬೇಡಿ, ಹಾಗೆ ಸುರಿದೇ ಹೆಚ್ಚಿನವು ಸಾಯುವುದು. ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ಟು, ಮಣ್ಣು ಒಣಗಿದ ಮೇಲೆ ಸ್ವಲ್ಪ ನೀರು. ಹಿಮ ಪೂರ್ತಿ ನಿಂತ ಮೇಲೆ ಹೊರಗೆ.

ಒಂದೇ ಸಾಲಿನ ಉತ್ತರಗಳು

*ಟೆರೇಸ್ ಮೇಲೆ 200 ಲೀಟರ್ ಡ್ರಮ್ಮಿನಲ್ಲಿ ಮಾವು ಹಾಕಬಹುದಾ? (ಹುಬ್ಬಳ್ಳಿ)* ಒದ್ದೆ ಮಣ್ಣು ತುಂಬಿದ ಆ ಡ್ರಮ್ 300 ಕಿಲೋ ದಾಟುತ್ತದೆ. ಮೊದಲು ಮನೆ ಕಟ್ಟಿದ ಎಂಜಿನಿಯರನ್ನು ಕೇಳಿ, ಒಪ್ಪಿದರೂ ತೊಲೆ, ಕಂಬದ ನೇರಕ್ಕೇ ಇಡಿ. ಕರಿಬೇವಿಗೆ, ಲಿಂಬೆಗೆ ಅರ್ಧ ಡ್ರಮ್ ಸಾಕು.

*ಸೀಮೆಬದನೆ ಬೀಜ ಎಲ್ಲಿ ಸಿಗುತ್ತದೆ? (ತುಮಕೂರು)* ಬೀಜ ಬಿಡಿಸಿ ನೆಡುವುದಿಲ್ಲ, ಇಡೀ ಕಾಯಿಯನ್ನೇ ನೆಡುವುದು. ಬಲಿತ ಕಾಯಿಯನ್ನು ಮೂಲೆಯಲ್ಲಿಟ್ಟರೆ ತುದಿಯಿಂದ ಮೊಳಕೆ ಬರುತ್ತದೆ, ಆಗ ಅಡ್ಡ ಮಲಗಿಸಿ ಅರ್ಧ ಹೂಳಿ. ಚಪ್ಪರ ಮೊದಲೇ ಗಟ್ಟಿ ಕಟ್ಟಿ.

*ಮಳೆ ಶುರುವಾದರೆ ನುಗ್ಗೆ ಕಾಂಡದ ಮೇಲೆ ಕಂಬಳಿಹುಳ ಗುಂಪು ಗುಂಪು. (ಹಾಸನ)* ಹಗಲು ಅವು ಕಾಂಡದ ಮೇಲೆ ಒತ್ತಾಗಿ ಕೂತಿರುವಾಗಲೇ ಉದ್ದ ಕೋಲಿಗೆ ಬಟ್ಟೆ ಸುತ್ತಿ ಸೋಪಿನ ನೀರಲ್ಲಿ ಅದ್ದಿ ಒರೆಸಿ ಬೀಳಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಮರದಡಿ ಬಿಡಬೇಡಿ.

*ಬಸಳೆ ಎಲೆಯ ಮೇಲೆ ಕೆಂಪು ಅಂಚಿನ ಚುಕ್ಕೆ, ತಿನ್ನಬಹುದಾ? (ಕುಂದಾಪುರ)* ಅದು ಶಿಲೀಂಧ್ರದ ರೋಗ. ಚುಕ್ಕೆ ಬಿದ್ದ ಎಲೆ ತೆಗೆದು ದೂರ ಹಾಕಿ, ಚೆನ್ನಾಗಿರುವುದನ್ನು ಅಡುಗೆಗೆ ಬಳಸಿ. ನೀರನ್ನು ಎಲೆ ಮೇಲೆ ಚಿಮುಕಿಸದೆ ಬುಡಕ್ಕೆ ಹಾಕಿ, ಬಳ್ಳಿ ಒತ್ತಾಗಿದ್ದರೆ ಅರ್ಧ ಕತ್ತರಿಸಿ ಪದಾರ್ಥ ಮಾಡಿಕೊಳ್ಳಿ.